ಹಳೆಯ ಪ್ಲೇಸ್ಟೇಷನ್‌ಗೆ ನಮ್ಮ ಮನೆಯ ವೈ-ಫೈ ಮಾತ್ರ ಕಾಣುವುದಿಲ್ಲ, ಏನು ಮಾಡಲಿ?

ಮಗನಿಗಾಗಿ ಹಳೆಯ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರ ಕೊಂಡಿದ್ದೀರಿ. ಮನೆಯ ಮೊಬೈಲ್‌ಗಳಿಗೆಲ್ಲ ವೈ-ಫೈ ಸಿಗುತ್ತಿದೆ, ಇದಕ್ಕೆ ಮಾತ್ರ ಇಲ್ಲ. ಪಟ್ಟಿಯಲ್ಲಿ ಪಕ್ಕದ ಮನೆಯ ಹೆಸರು ಬರುತ್ತದೆ, ನಿಮ್ಮದು ಬರುವುದಿಲ್ಲ ಎಂದಿದ್ದೀರಿ. ಅರ್ಧ ಉತ್ತರ ಆ ಮಾತಿನಲ್ಲಿಯೇ ಇದೆ. ಪಕ್ಕದ ಮನೆಯ ಸಿಗ್ನಲ್ ಹಿಡಿಯುವ ಯಂತ್ರದ ಆಂಟೆನಾ ಕೆಟ್ಟಿರುವುದಿಲ್ಲ. ದಯವಿಟ್ಟು ರಿಪೇರಿ ಅಂಗಡಿಗೆ ಒಯ್ಯಬೇಡಿ.

ಯಂತ್ರದ ಮೈಮೇಲಿನ ಚೀಟಿಯಲ್ಲಿ ಮಾದರಿ ಸಂಖ್ಯೆ ನೋಡಿ. ‘ಸಿಯುಎಚ್’ (CUH) ಅಕ್ಷರಗಳ ನಂತರದ ಮೊದಲ ಅಂಕಿ 1 ಆಗಿದ್ದರೆ ಅದು 2013ರಲ್ಲಿ ಬಂದ ಮೊದಲ ತಲೆಮಾರಿನದು. ಅದಕ್ಕೆ 2.4 ಗಿಗಾಹರ್ಟ್ಸ್ ಎಂಬ ತರಂಗಪಟ್ಟಿಯ ವೈ-ಫೈ ಮಾತ್ರ ಗೊತ್ತು. 2016ರ ಸ್ಲಿಮ್ (2ರಿಂದ ಆರಂಭ) ಮತ್ತು ಪ್ರೊ (7ರಿಂದ ಆರಂಭ) ಮಾದರಿಗಳು 5 ಗಿಗಾಹರ್ಟ್ಸ್ ಅನ್ನೂ ಹಿಡಿಯುತ್ತವೆ. ಈಗಿನ ಮೊಬೈಲ್‌ಗಳಿಗೆ ಎರಡೂ ಬರುತ್ತವೆ. ಹಾಗಾಗಿ ನಿಮ್ಮ ರೂಟರಿನಲ್ಲಿ 5 ಮಾತ್ರ ಚಾಲೂ ಇದ್ದರೂ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಉಡುಪಿಯ ನಮ್ಮ ಮನೆಯಲ್ಲಿ ಆದದ್ದೂ ಇದೇ. ಸಂಪರ್ಕ ಕೊಡಲು ಬಂದವರು ವೇಗ ಹೆಚ್ಚು ಸಿಗಲೆಂದು 2.4 ಅನ್ನು ಬಂದ್ ಮಾಡಿ ಹೋಗಿದ್ದರು. ಅಣ್ಣನ ಮಗ ಎರಡು ದಿನ ಪಾಸ್‌ವರ್ಡನ್ನೇ ಬದಲಿಸುತ್ತ ಕುಳಿತಿದ್ದ. ಹೆಸರೇ ಬಾರದ ಮೇಲೆ ಪಾಸ್‌ವರ್ಡಿನ ಪ್ರಶ್ನೆ ಎಲ್ಲಿಯದು!

ರೂಟರಿನ ಬೆನ್ನಿನ ಚೀಟಿಯಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ 192.168ರಿಂದ ಆರಂಭವಾಗುತ್ತದೆ) ಮೊಬೈಲಿನ ಬ್ರೌಸರಿನಲ್ಲಿ ತೆರೆದು ಒಳಹೋಗಿ. 2.4 ಅನ್ನು ಚಾಲೂ ಮಾಡಿ, ಅದಕ್ಕೆ ಬೇರೆಯೇ ಹೆಸರು ಕೊಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಯಾವುದು ಯಾವುದೆಂದು ತಿಳಿಯದೆ ಪರದಾಡಬೇಕಾಗುತ್ತದೆ. ಚಾನೆಲ್ 1, 6, 11ರಲ್ಲಿ ಒಂದಿರಲಿ. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ 3 (WPA3) ಮಾತ್ರ ಎಂದಿದ್ದರೆ ಡಬ್ಲ್ಯುಪಿಎ 2ಕ್ಕೆ (WPA2) ಇಳಿಸಿ. ಬಳಿಕ ಪ್ಲೇಸ್ಟೇಷನ್ನಿನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಇಂಟರ್ನೆಟ್ ಸಂಪರ್ಕ ಎಂಬ ದಾರಿಯಲ್ಲಿ ವೈ-ಫೈ ಆರಿಸಿ. ಸುಲಭ ವಿಧಾನವೇ ಸಾಕು.

ಇಷ್ಟಾದರೆ ಹೆಸರು ಬರುತ್ತದೆ. ಆದರೆ ನಿಮ್ಮದು ಮಂಗಳೂರಿನ ಹಳೆಯ ಹಂಚಿನ ಮನೆ, ರೂಟರ್ ಚಾವಡಿಯಲ್ಲಿ, ಟಿವಿ ಒಳಕೋಣೆಯಲ್ಲಿ ಎಂದು ಓದಿದಾಗ ನನಗೆ ಗೋಡೆಯದೇ ಚಿಂತೆಯಾಯಿತು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ದಪ್ಪವಷ್ಟೇ ಅಲ್ಲ, ಮೈತುಂಬ ತೂತು. ಮಳೆಗಾಲದಲ್ಲಿ ಅದು ನೀರು ಕುಡಿಯುತ್ತದೆ, ನೀರು ವೈ-ಫೈ ಅಲೆಯನ್ನು ನುಂಗುತ್ತದೆ. ಮೈಕ್ರೊವೇವ್ ಒಲೆ ಅನ್ನ ಬಿಸಿಮಾಡುವುದೂ ಹೆಚ್ಚುಕಡಿಮೆ ಇದೇ 2.4ರ ಅಲೆಯಿಂದ, ಅನ್ನದೊಳಗಿನ ನೀರನ್ನು ಹಿಡಿದೇ. ಏಪ್ರಿಲಿನಲ್ಲಿ ಚೆನ್ನಾಗಿ ನಡೆದ ಆಟ ಜುಲೈಯಲ್ಲಿ ನಡುನಡುವೆ ನಿಂತರೆ ನೆಟ್ ಕೊಟ್ಟವರನ್ನು ಬಯ್ಯುವ ಮೊದಲು ಗೋಡೆಯನ್ನು ಮುಟ್ಟಿ ನೋಡಿ.

ಉಡುಪಿಯ ಮನೆಯಲ್ಲಿ ನಾವು ಮೊದಲು ರೂಟರನ್ನು ಟಿವಿ ಸ್ಟ್ಯಾಂಡಿನ ಹಿಂದಿನಿಂದ ತೆಗೆದು ಬಾಗಿಲ ಚೌಕಟ್ಟಿನ ಎತ್ತರಕ್ಕೆ ಏರಿಸಿದೆವು. ಪ್ಲೇಸ್ಟೇಷನ್ನಿನಲ್ಲಿ ಸಂಪರ್ಕದ ಸ್ಥಿತಿ ತೋರಿಸುವ ಪುಟದಲ್ಲಿ ಸಿಗ್ನಲ್ ಶೇಕಡಾ 40ರ ಆಸುಪಾಸಿನಿಂದ 60 ದಾಟಿತು. ಸಿನಿಮಾ ನೋಡಲು ಅಷ್ಟು ಸಾಕು, ಎದುರಾಳಿಯೊಡನೆ ಆಡಲು ಸಾಲದು. ಹಾಗಾಗಿ ನನ್ನ ನಿಜವಾದ ಸಲಹೆ: ಕೇಬಲ್ ಎಳೆಯಿರಿ. ಮೊದಲ ತಲೆಮಾರಿನ ಯಂತ್ರದ ಹಿಂದೆಯೂ ಗಿಗಾಬಿಟ್ ಲ್ಯಾನ್ ಕಿಂಡಿ (ನೆಟ್ ಕೇಬಲ್ ಚುಚ್ಚುವ ಜಾಗ) ಇದೆ. ಕ್ಯಾಟ್ 6 ಎಂಬ ನೆಟ್ ಕೇಬಲ್ 100 ಮೀಟರ್ ದೂರದವರೆಗೂ ನಡೆಯುತ್ತದೆ, ನಿಮ್ಮ ಮನೆಗೆ 20 ಮೀಟರ್ ಧಾರಾಳ.

ಗೋಡೆ ಕೊರೆಯುವ ಅಗತ್ಯವೂ ಇಲ್ಲ. ನಾವು ಒಂದು ಕಡೆ ಕೊರೆಯಲು ಹೊರಟೆವು. ಗಾರೆಯ ಪದರ ದಾಟಿದ್ದೇ ತಡ, ಕೆಂಪು ಹುಡಿ ಸುರಿದು ನೆಲವೆಲ್ಲ ಕುಂಕುಮ ಚೆಲ್ಲಿದಂತಾಯಿತು, ತೂತು ಬೇಕಾದದ್ದಕ್ಕಿಂತ ಎರಡು ಪಾಲು ದೊಡ್ಡದಾಯಿತು. ಕೊನೆಗೆ ಕೇಬಲನ್ನು ಅಟ್ಟಕ್ಕೆ ಹತ್ತಿಸಿ, ಮಾಡಿನ ಅಡಿಯಲ್ಲಿ ತೊಲೆಯ ಉದ್ದಕ್ಕೂ ಒಯ್ದು ಒಳಕೋಣೆಗೆ ಇಳಿಸಿದೆವು. ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ, ಪಿವಿಸಿ ಪೈಪಿನೊಳಗೆ ಹಾಕಿ. ಹಂಚು ಸೋರುವ ಜಾಗವನ್ನು ತಪ್ಪಿಸಿ. ಮೇ ಕೊನೆಯ ಸುಮಾರಿಗೆ ಬರುವ ತುಳುನಾಡಿನ ಪತ್ತನಾಜೆಗೆ ಮೊದಲೇ ಮುಗಿಸಿಕೊಂಡರೆ ಒಳ್ಳೆಯದು, ಮಳೆ ಹಿಡಿದ ಮೇಲೆ ಅಟ್ಟ ಹತ್ತುವುದು ಕಷ್ಟ.

ಇನ್ನೊಂದು ಮಾತು ಮಗನಿಗೂ ಹೇಳಿಡಿ. ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಕೇಳುವ ಮೊದಲೇ, ಮೋಡ ಕಪ್ಪಾದಾಗಲೇ ಯಂತ್ರದ ಪ್ಲಗ್ ಜೊತೆಗೆ ಈ ಲ್ಯಾನ್ ಕೇಬಲನ್ನೂ ಕಳಚಬೇಕು. ಕರೆಂಟಿನ ತಂತಿ ತೆಗೆದು ಇದನ್ನು ಬಿಟ್ಟರೆ ಸಿಡಿಲಿಗೆ ಇನ್ನೊಂದು ದಾರಿ ತೆರೆದಿಟ್ಟಂತೆಯೇ.