ಓದುಗರ ಪ್ರಶ್ನೆ: ಜೂಲಿಯೆತ್ತಾ ಕಂಡದ್ದೆಲ್ಲ ಕನಸೇ?

ಪ್ರಶ್ನೆ: ಇಟಲಿಯ ಫೆಡೆರಿಕೊ ಫೆಲಿನಿ ನಿರ್ದೇಶಿಸಿದ ‘ಜೂಲಿಯೆಟ್ ಆಫ್ ದಿ ಸ್ಪಿರಿಟ್ಸ್’ ಚಿತ್ರವನ್ನು ಮಗಳೊಂದಿಗೆ ನೋಡಿದೆ. ಯಾವುದು ಕನಸು, ಯಾವುದು ನಿಜ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಗಂಡ ಹೊರಟುಹೋದ ಮೇಲೆ ನಾಯಕಿ ಜೂಲಿಯೆತ್ತಾ ಗೇಟು ದಾಟಿ ಒಬ್ಬಳೇ ನಡೆಯುತ್ತಾಳಲ್ಲ, ಅದು ಬಿಡುಗಡೆಯೋ, ಅನಾಥತನವೋ?
– ಓದುಗರೊಬ್ಬರು, ಗುಬ್ಬಿ, ತುಮಕೂರು ಜಿಲ್ಲೆ

ಉತ್ತರ: ಕನಸನ್ನೂ ನಿಜವನ್ನೂ ಬೇರ್ಪಡಿಸಲು ಹೊರಟರೆ ಈ ಚಿತ್ರ ಕೈಗೆ ಸಿಗುವುದಿಲ್ಲ. ಗಂಡನಿಗೆ ಇನ್ನೊಬ್ಬಳಿದ್ದಾಳೆ ಎಂಬ ಸಂಶಯ ಜೂಲಿಯೆತ್ತಾಳಿಗೆ ಮೊದಲು ಹುಟ್ಟುವುದೇ ಆತ ನಿದ್ದೆಗಣ್ಣಿನಲ್ಲಿ ಒಂದು ಹೆಸರು ಕನವರಿಸಿದಾಗ. ಅದು ಖಚಿತವಾಗುವುದು ಪತ್ತೇದಾರರು ಕದ್ದು ಚಿತ್ರಿಸಿದ ದೃಶ್ಯಗಳನ್ನು ಪರದೆಯ ಮೇಲೆ ತೋರಿಸಿದಾಗ. ಅಂದರೆ ಆಕೆಯ ಬಾಳಿನ ಅತ್ಯಂತ ಕಠೋರವಾದ ನಿಜವೂ ಕನವರಿಕೆಯಾಗಿ, ಸಿನಿಮಾ ಆಗಿಯೇ ಬರುತ್ತದೆ. ಆದ್ದರಿಂದ ಆಕೆಗೆ ಕಾಣುವವರಲ್ಲಿ ಯಾರು ಆಕೆಯನ್ನು ಹೆದರಿಸುತ್ತಾರೆ, ಆ ಹೆದರಿಕೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುತ್ತಾ ಹೋಗುವುದು ಮೇಲು.

ಹೆದರಿಕೆಯ ಬೇರು ಶಾಲೆಯ ನಾಟಕದಲ್ಲಿದೆ. ಸನ್ಯಾಸಿನಿಯರು ಆಡಿಸುವ ಆ ನಾಟಕದಲ್ಲಿ ಪುಟ್ಟ ಜೂಲಿಯೆತ್ತಾ ಧರ್ಮಕ್ಕಾಗಿ ಪ್ರಾಣ ಕೊಡುವ ಸಂತಳು. ಅವಳನ್ನು ಕಬ್ಬಿಣದ ಜಾಲರಿಗೆ ಕಟ್ಟಿ, ಕೆಳಗೆ ಬೆಂಕಿಯ ನಾಲಗೆಗಳಂತೆ ತೋರುವ ಚೂರುಗಳನ್ನು ಅಲುಗಾಡಿಸಿ, ನಿಧಾನವಾಗಿ ಸ್ವರ್ಗದತ್ತ ಮೇಲಕ್ಕೆಳೆಯುತ್ತಾರೆ. ವೀರಣ್ಣನವರ ಕಂಪನಿ ಹುಟ್ಟಿದ ಊರಿನವರಾದ ನಿಮಗೆ, ಹಗ್ಗ ರಾಟೆಗಳಿಂದ ದೇವತೆಗಳನ್ನು ಏರಿಸಿ ಇಳಿಸುವ ಟ್ರಿಕ್ ಸೀನು ಹೊಸದಲ್ಲ. ಆದರೆ ಇಲ್ಲಿ ಪ್ರೇಕ್ಷಕರ ನಡುವಿನಿಂದ ಅಜ್ಜ ಎದ್ದು, ಕೂಗಾಡಿ, ನಾಟಕ ನಿಲ್ಲಿಸಿ ಮೊಮ್ಮಗಳನ್ನು ಬಿಡಿಸಿಕೊಂಡು ಹೋಗುತ್ತಾನೆ. ದೊಡ್ಡವಳಾದ ಮೇಲೂ ಆ ಜಾಲರಿ ಅವಳನ್ನು ಬಿಟ್ಟಿಲ್ಲ: ಸಹಿಸುವವಳೇ ಒಳ್ಳೆಯವಳು ಎಂಬ ಪಾಠ ಅಂದೇ ಮೈಗಂಟಿದೆ. ನನ್ನ ಮಟ್ಟಿಗೆ ಇಡೀ ಚಿತ್ರದ ಹೃದಯ ಇದೇ.

ಪಕ್ಕದ ಮನೆಯ ಸೂಜಿ ಎಂಬಾಕೆ ತೋರಿಸುವ ದಾರಿಯೂ ಜೂಲಿಯೆತ್ತಾಳದ್ದಲ್ಲ. ಹಾಸಿಗೆಯ ಪಕ್ಕದಿಂದಲೇ ಈಜುಕೊಳಕ್ಕೆ ಜಾರುವ ಆ ಮನೆಯಲ್ಲಿ, ಮರದ ಮೇಲಿನ ಅಟ್ಟಣಿಗೆಗೆ ಬುಟ್ಟಿಯಲ್ಲಿ ಕುಳಿತು ಏರಬೇಕು. ಜಾಲರಿಯ ಹಾಗೆ ಇದೂ ಮೇಲಕ್ಕೆಳೆಯುವ ಯಂತ್ರವೇ ಎಂಬುದನ್ನು ಗಮನಿಸಿ; ಒಂದು ಸಂತಳನ್ನಾಗಿಸಲು, ಇನ್ನೊಂದು ಭೋಗಕ್ಕೆ.

1965ರ ಈ ಚಿತ್ರ ಫೆಲಿನಿಯ ಮೊದಲ ಪೂರ್ಣಾವಧಿ ವರ್ಣಚಿತ್ರ. ನಾಯಕಿ ಜೂಲಿಯೆತ್ತಾ ಮಸೀನಾ 1943ರಿಂದ ಆತನ ಪತ್ನಿ. ಪಾತ್ರಕ್ಕೂ ಆಕೆಯದೇ ಹೆಸರು. ಗಂಡನೊಬ್ಬ ಹೆಂಡತಿಯ ಒಳಮನಸ್ಸನ್ನು ತಾನು ಬಲ್ಲೆನೆಂದು ಹೀಗೆ ಚಿತ್ರಿಸುವುದು ಎಷ್ಟು ಸರಿ ಎಂಬ ಅಳುಕು ನನಗಿದೆ. ಆದರೂ ಮಸೀನಾ ಅವರ ಕಣ್ಣುಗಳಲ್ಲಿ ನಿರ್ದೇಶಕ ಹೇಳಿಕೊಡಲಾಗದ ದುಃಖವೊಂದಿದೆ.

ಇನ್ನು ಗೇಟಿನ ವಿಚಾರ. ಅದಕ್ಕೂ ಮುಂಚೆ ಗೋಡೆಯಲ್ಲೊಂದು ಪುಟ್ಟ ಬಾಗಿಲು ಕಾಣುತ್ತದೆ. ತೆರೆಯಬೇಡವೆಂದು ತಾಯಿಯ ರೂಪ ಗದರಿಸುತ್ತದೆ. ಅವಳು ಹೆದರದೆ ಒಳಹೋಗಿ, ಜಾಲರಿಗೆ ಬಿಗಿದಿದ್ದ ಬಾಲೆಯ ಕಟ್ಟುಗಳನ್ನು ತಾನೇ ಬಿಚ್ಚುತ್ತಾಳೆ. ಅಂದು ಬಿಡಿಸಲು ಅಜ್ಜ ಬರಬೇಕಿತ್ತು. ಹೀಗಾಗಿ ನಾನು ಅದನ್ನು ಬಿಡುಗಡೆ ಎಂದೇ ಓದುತ್ತೇನೆ, ಆ ನಡಿಗೆಯಲ್ಲಿ ಒಂಟಿತನ ಇದ್ದೇ ಇದೆ ಎಂದು ಒಪ್ಪಿಕೊಂಡೂ. ನಿಮ್ಮ ಮಗಳು ಏನೆಂದರು ಎಂಬುದನ್ನು ನೀವು ಬರೆದಿಲ್ಲ, ದಯವಿಟ್ಟು ತಿಳಿಸಿ.