ಹೊಲಿಗೆ ಪ್ರಶ್ನೋತ್ತರ: ಕಂದು ಬಣ್ಣದ ಸಾದಾ ಬಟ್ಟೆ

ಪ್ರಶ್ನೆ: ಅಮ್ಮನ ಹಳೆಯ ಇಳಕಲ್ ಸೀರೆಗಳಿಂದ ಕೌದಿ ಹೊಲಿಯಬೇಕೆಂದಿದ್ದೇನೆ. ನಡುನಡುವೆ ಸೇರಿಸಲು ಕಾಫಿಪುಡಿ ಬಣ್ಣದ ಸಾದಾ ಹತ್ತಿ ಬಟ್ಟೆಯನ್ನು 5 ಮೀಟರ್ ತಂದಿದ್ದೇನೆ. ಇದನ್ನು ಹಾಕಿದರೆ ಕೌದಿ ಮಂಕಾಗುತ್ತದೆ ಎನ್ನುತ್ತಾರೆ ನಮ್ಮ ಅತ್ತೆಯವರು. ಹೌದೇ?
– ಓದುಗರು, ಧಾರವಾಡ

ಉತ್ತರ: ಅತ್ತೆಯವರ ಮಾತು ಅರ್ಧ ಸರಿ. ಕಂದಿನಲ್ಲಿ ಕೆಲವು ಇಟ್ಟಿಗೆಯ ಕೆಂಪಿನ ಕಡೆಗೆ, ಕೆಲವು ಬೆಲ್ಲದ ಹಳದಿಯ ಕಡೆಗೆ, ಇನ್ನು ಕೆಲವು ಬೂದಿಯ ಕಡೆಗೆ ವಾಲುತ್ತವೆ. ಇಳಕಲ್ ಸೆರಗಿನ ಕೆಂಪಿನ ಪಕ್ಕದಲ್ಲಿ ಕೆಂಪುಗಂದು ಹೊಂದಿಕೊಳ್ಳುತ್ತದೆ. ಬೂದುಗಂದು ಅದೇ ಜಾಗದಲ್ಲಿ ಕೊಳೆಯಾದ ಬಟ್ಟೆಯಂತೆ ಕಾಣುತ್ತದೆ. ಬೆಳಗಿನ ಬೆಳಕಿನಲ್ಲಿ ಎಲ್ಲವನ್ನೂ ಜಗಲಿಯ ಮೇಲೆ ಹರಡಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರವೊಂದನ್ನು ತೆಗೆದು ನೋಡಿ. ಕಂದು ಬಟ್ಟೆಯೂ ಕಡುನೀಲಿ ಸೀರೆಯೂ ಚಿತ್ರದಲ್ಲಿ ಒಂದೇ ಕಪ್ಪಾಗಿ ಕಂಡರೆ, ಅವೆರಡರ ನಡುವೆ ತಿಳಿಬಣ್ಣದ ತುಂಡೊಂದು ಬರಲೇಬೇಕು.

ಇದಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ. ಹಳೆಯ ಸೀರೆಗಳು ಎಷ್ಟೋ ಒಗೆತ ಕಂಡು ಕುಗ್ಗುವಷ್ಟು ಕುಗ್ಗಿಯಾಗಿವೆ; ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು, ಅಂದರೆ ನಿಮ್ಮ 5 ಮೀಟರಿನಲ್ಲಿ 15ರಿಂದ 25 ಸೆಂಟಿಮೀಟರ್ ಕುಗ್ಗಬಹುದು. ಹಾಗೆಯೇ ಹೊಲಿದುಬಿಟ್ಟರೆ ಒಗೆದ ಮೇಲೆ ಕಂದು ತುಂಡುಗಳು ಮಾತ್ರ ಮುದುಡಿಕೊಂಡು, ಸುತ್ತಲಿನ ಸೀರೆಯನ್ನೂ ಎಳೆದು ಸುಕ್ಕಾಗಿಸುತ್ತವೆ. ಆದ್ದರಿಂದ ಮೊದಲು ನೆನೆಸಿ, ಒಗೆದು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ನಂತರವೇ ಕತ್ತರಿ ಹಾಕಿ. ಬಣ್ಣ ಬಿಡುತ್ತದೆಯೇ ಎಂಬುದು ಒದ್ದೆಯಾದ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿದರೆ ತಿಳಿಯುತ್ತದೆ.

ಚಿತ್ತಾರದ ಬಟ್ಟೆ ವಕ್ರ ಹೊಲಿಗೆಯನ್ನು ಮರೆಮಾಚುತ್ತದೆ, ಸಾದಾ ಬಟ್ಟೆ ಬಯಲು ಮಾಡುತ್ತದೆ. ಕಂದಿನ ಮೇಲೆ ಪೆನ್ಸಿಲ್ ಗೆರೆ ಕಾಣುವುದಿಲ್ಲವಾದ್ದರಿಂದ ದರ್ಜಿಗಳು ಬಳಸುವ ಬಿಳಿ ಚಾಕಿನಿಂದ ಗೆರೆ ಎಳೆದುಕೊಳ್ಳಿ. ದಾರ ಬಿಳಿಯದೋ ಹಳದಿಯದೋ ಇರಲಿ. ಕೈಹೊಲಿಗೆ ಎದ್ದು ಕಾಣುವುದೇ ಕೌದಿಯ ಚೆಲುವೆಂದು ನಾನು ನಂಬಿದ್ದೇನೆ. ಎಲ್ಲಿ ಹಾಕುವುದೆಂದು ಇನ್ನೂ ಗೊಂದಲವಿದ್ದರೆ ಅಂಚಿಗೆ ಹಾಕಿ, ಮೊದಲು ಕೊಳೆಯಾಗುವುದು ಅದೇ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಕವಂದಿ ಎಂಬ ತಮ್ಮ ಕೌದಿಯನ್ನು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತುತ್ತ ನಡುವಿನತ್ತ ಹೊಲಿಯುತ್ತ ಹೋಗುತ್ತಾರೆ. ಆ ಕ್ರಮದಲ್ಲಿ ಹೊಲಿಯುವುದಾದರೆ ಅಂಚಿನ ಬಣ್ಣವನ್ನು ಮೊದಲೇ ನಿರ್ಧರಿಸಿರಬೇಕು.

ಪ್ರಶ್ನೆ: ಪರದೆಗೆಂದು ಒಂದೇ ಅಂಗಡಿಯಲ್ಲಿ ಎರಡು ಸಲ ತಂದ ಕಂದು ಬಟ್ಟೆ ಮನೆಯಲ್ಲಿ ಬೇರೆ ಬೇರೆಯಾಗಿ ಕಾಣುತ್ತಿದೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಒಂದೇ ಬಣ್ಣದ ಹೆಸರಿನ ಬಟ್ಟೆಯಾದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ತಾನುಗಳಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದು ಗೊತ್ತಾಗುವುದಿಲ್ಲ. ಕಿಟಕಿಯ ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಮತ್ತೊಂದನ್ನು ತೂಗುಹಾಕಬೇಡಿ. ಎರಡನೆಯ ಬಟ್ಟೆಯನ್ನು ಎಲ್ಲ ಪರದೆಗಳ ಕೆಳಭಾಗಕ್ಕೆ ಒಂದು ಅಡಿ ಅಗಲದ ಪಟ್ಟಿಯಾಗಿ ಹೊಲಿಸಿದರೆ ಬೇಕೆಂದೇ ಮಾಡಿದ ವಿನ್ಯಾಸವೆನಿಸುತ್ತದೆ. ಪಶ್ಚಿಮದ ಬಿಸಿಲು ಬೀಳುವ ಕಿಟಕಿಯಾದರೆ ಹಿಂಬದಿಗೆ ತಿಳಿಬಣ್ಣದ ಅಸ್ತರಿ ಕೊಡಿಸಿ. ಇಲ್ಲವಾದರೆ ಮಡಿಕೆಗಳ ಹೊರಮೈ ಮಾತ್ರ ಬಿಳಚಿಕೊಂಡು ಪಟ್ಟೆ ಪಟ್ಟೆಯಾಗುತ್ತದೆ.

ಪ್ರಶ್ನೆ: ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಮೇಲೆ ಉಳಿಯುವ ನೀರಿನಲ್ಲಿ) ಬಣ್ಣ ಹಾಕಿದ ದಿಂಬಿನ ಚೀಲದ ಮೇಲೆ ಕಪ್ಪು ಕಲೆಗಳಾಗಿವೆ. ಬಣ್ಣವೇ ಕೆಟ್ಟಿದೆಯೇ?
– ಓದುಗರು, ಸಾಗರ

ಉತ್ತರ: ಬಣ್ಣ ಕೆಟ್ಟಿರಲಾರದು, ಕಬ್ಬಿಣ ತಗುಲಿರಬೇಕು. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣದ ಅಂಶದೊಂದಿಗೆ ಸೇರಿದರೆ ಕಪ್ಪಾಗುತ್ತದೆ. ತುಕ್ಕು ಹಿಡಿದ ಬಕೆಟ್ಟು, ಒಣಹಾಕುವ ತಂತಿ, ಕಬ್ಬಿಣದ ಅಂಶವುಳ್ಳ ಕೊಳವೆಬಾವಿ ನೀರು, ಇವುಗಳಲ್ಲಿ ಯಾವುದಾದರೂ ಸಾಕು. ಕೆಲವರು ಬೇಕೆಂದೇ ಕಬ್ಬಿಣ ಬೆರೆಸಿ ಕಂದನ್ನು ಗಾಢಗೊಳಿಸುವುದುಂಟು, ಆದರೆ ಅದು ಹೆಚ್ಚಾದರೆ ಕಾಲಕ್ರಮದಲ್ಲಿ ನೂಲನ್ನೇ ತಿನ್ನುತ್ತದೆ. ಅಮೆರಿಕದ 19ನೇ ಶತಮಾನದ ಕೆಲವು ಕ್ವಿಲ್ಟ್‌ಗಳಲ್ಲಿ ಅಕ್ಕಪಕ್ಕದ ತುಂಡುಗಳು ಗಟ್ಟಿಯಾಗಿದ್ದರೂ ಕಂದು ತುಂಡುಗಳು ಮಾತ್ರ ಪುಡಿಯಾಗಿ ಉದುರಿರುವುದಕ್ಕೆ ಇದೇ ಕಾರಣ. ಇನ್ನು ಮುಂದೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಸೌಮ್ಯವಾದ ಸಾಬೂನಿನಿಂದ ಒಗೆದು, ಹಗ್ಗದ ಮೇಲೆ ನೆರಳಿನಲ್ಲಿ ಒಣಗಿಸಿ. ಈಗಿರುವ ಕಲೆಗಳ ಮೇಲೆ ಬ್ಲೀಚ್ ಹಾಕಲು ಹೋಗಬೇಡಿ, ಕಲೆಯ ಸುತ್ತಲಿನ ಚೊಗರಿನ ಬಣ್ಣವೂ ಹೋದೀತು; ಅಲ್ಲಿ ಗಾಢ ಕಂದು ದಾರದಿಂದ ಕಸೂತಿಯ ಒಂದು ಗೋಪುರವನ್ನೋ ತುಳಸಿಕಟ್ಟೆಯನ್ನೋ ತೆಗೆದರೆ ಕಲೆ ಮುಚ್ಚುತ್ತದೆ.