ವಿಜ್ಞಾನ ಪ್ರಶ್ನೋತ್ತರ: ಎಚ್-ಇಂಡೆಕ್ಸ್ 44 ಇದ್ದರೆ ದೊಡ್ಡ ವಿಜ್ಞಾನಿಯೇ?

ಪ್ರಶ್ನೆ: ಪಿಎಚ್‌ಡಿಗೆ ಗೈಡ್ ಹುಡುಕುತ್ತಿದ್ದೇನೆ. ಕಂಡೆನ್ಸ್ಡ್ ಮ್ಯಾಟರ್ ಫಿಸಿಕ್ಸ್‌ನಲ್ಲಿ (ಘನ, ದ್ರವ ವಸ್ತುಗಳ ಭೌತಶಾಸ್ತ್ರ) ಕೆಲಸ ಮಾಡುವ ಒಬ್ಬರ ಗೂಗಲ್ ಸ್ಕಾಲರ್ ಪುಟದಲ್ಲಿ 160 ಪೇಪರ್, 9,200 ಸೈಟೇಶನ್, ಎಚ್-ಇಂಡೆಕ್ಸ್ 44 ಅಂತಿದೆ. ಇನ್ನೊಬ್ಬರದ್ದು ಬರೀ 38 ಪೇಪರ್, ಎಚ್-ಇಂಡೆಕ್ಸ್ 19. ಮೊದಲನೆಯವರೇ ದೊಡ್ಡವರು ಅಲ್ವಾ?

ಉತ್ತರ: ಇಷ್ಟರಿಂದಲೇ ಹೇಳೋಕಾಗಲ್ಲ. ಎಚ್-ಇಂಡೆಕ್ಸ್ 44 ಅಂದರೆ ಅವರ 44 ಪೇಪರ್‌ಗಳನ್ನು ಬೇರೆ ಪೇಪರ್‌ಗಳು ತಲಾ 44 ಸಲವಾದರೂ ಉಲ್ಲೇಖಿಸಿವೆ (ಸೈಟೇಶನ್ ಅಂದರೆ ಈ ಉಲ್ಲೇಖವೇ) ಅಂತ, ಅಷ್ಟೇ. 2005ರಲ್ಲಿ ಈ ಅಳತೆ ಹುಟ್ಟುಹಾಕಿದ ಹಿರ್ಶ್ ಕೂಡ ಇದೇ ಕ್ಷೇತ್ರದವರು, ಸೂಪರ್‌ಕಂಡಕ್ಟಿವಿಟಿ (ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಯುವುದು) ಮೇಲೆ ಕೆಲಸ ಮಾಡಿದವರು. 20 ವರ್ಷ ಸಂಶೋಧನೆ ಮಾಡಿ 20 ಮುಟ್ಟಿದವರು ಯಶಸ್ವಿ, 40 ಮುಟ್ಟಿದವರು ಅಸಾಧಾರಣರು ಎಂಬುದು ಅವರ ಲೆಕ್ಕ. ಹಾಗಾಗಿ 44 ಸಣ್ಣದೇನಲ್ಲ. ಆದರೆ ಈ ಸಂಖ್ಯೆ ಏರುತ್ತದೆಯೇ ಹೊರತು ಸಾಮಾನ್ಯವಾಗಿ ಇಳಿಯುವುದಿಲ್ಲ, ಕೆಲಸ ನಿಲ್ಲಿಸಿ ಹತ್ತು ವರ್ಷವಾದರೂ ಹಳೆಯ ಪೇಪರ್‌ಗಳ ಬಲದಲ್ಲಿ ಮೇಲೆ ಹೋಗುತ್ತಲೇ ಇರಬಹುದು. ನೀವು ಹೇಳಿದ ಇಬ್ಬರ ವಯಸ್ಸಿನ ಅಂತರ ಎಷ್ಟು? ಅದನ್ನು ನೀವು ಬರೆದೇ ಇಲ್ಲ.

ಇನ್ನೊಂದು, ಯಾವ ಬಗೆಯ ಕೆಲಸ ಅನ್ನೋದು. ಥಿಯರಿ ಪೇಪರ್‌ನಲ್ಲಿ ಒಬ್ಬರೋ ಇಬ್ಬರೋ ಲೇಖಕರಿರಬಹುದು, ಪ್ರಯೋಗದ ಪೇಪರ್‌ನಲ್ಲಿ ಹತ್ತು ಹೆಸರಿದ್ದರೂ ಆಶ್ಚರ್ಯವಿಲ್ಲ. ಒಳ್ಳೆಯ ಕ್ರಿಸ್ಟಲ್ ಅಥವಾ ತೆಳು ಪದರ ಬೆಳೆಸುವವರ ಸ್ಯಾಂಪಲ್ ಹಲವು ಲ್ಯಾಬ್‌ಗಳಿಗೆ ಹೋಗುತ್ತದೆ, ಜೊತೆಗೆ ಅವರ ಹೆಸರೂ ಆ ಪೇಪರ್‌ಗಳಲ್ಲೆಲ್ಲ ಸೇರುತ್ತದೆ. ಹಿರ್ಶ್ ಅವರ 2005ರ ಪಟ್ಟಿಯನ್ನೇ ನೋಡಿ. ಸೆಮಿಕಂಡಕ್ಟರ್ ಪದರಗಳನ್ನು ಬೆಳೆಸುವುದರಲ್ಲಿ ಹೆಸರಾದ ಗೊಸ್ಸಾರ್ಡ್ ಅವರದ್ದು 94, ಈ ಕ್ಷೇತ್ರದ ದಿಗ್ಗಜ ಫಿಲಿಪ್ ಆಂಡರ್ಸನ್ ಅವರದ್ದು 91. ಹಾಗಂತ ಗೊಸ್ಸಾರ್ಡ್ ಅವರದ್ದು ಬಿಟ್ಟಿ ಸೈಟೇಶನ್ ಅಂದುಕೊಳ್ಳಬೇಡಿ. ಫ್ರ್ಯಾಕ್ಷನಲ್ ಕ್ವಾಂಟಮ್ ಹಾಲ್ ಪರಿಣಾಮ (ಬಲವಾದ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳು ತೋರುವ ವಿಚಿತ್ರ ನಡವಳಿಕೆ) ಕಂಡುಹಿಡಿದ 1982ರ ಪೇಪರ್‌ನಲ್ಲಿ ತ್ಸುಯಿ, ಸ್ಟೋರ್ಮರ್ ಜೊತೆ ಅವರ ಹೆಸರೂ ಇದೆ. 1998ರ ನೊಬೆಲ್ ಮಾತ್ರ ಆ ಇಬ್ಬರಿಗೆ ಮತ್ತು ಥಿಯರಿ ಕೊಟ್ಟ ಲಾಫ್ಲಿನ್‌ಗೆ ಹೋಯಿತು. ಸ್ಯಾಂಪಲ್ ಇಲ್ಲದೆ ಯಾವ ಅಳತೆ ಮಾಡುತ್ತಿದ್ದರೋ, ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ವಿಷಯದಲ್ಲಿ ಜನಜಂಗುಳಿ ಎಷ್ಟಿದೆ ಅನ್ನೋದನ್ನೂ ನೋಡಬೇಕು. 2004ರಲ್ಲಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಪೇಪರ್ ಬಂದ ಮೇಲೆ ಎಲ್ಲರೂ ಅತ್ತ ಓಡಿದರು. ಆಗ ಬೇಗ ಬರೆದವರ ಸಾಧಾರಣ ಪೇಪರ್‌ಗಳಿಗೂ ರಾಶಿ ಸೈಟೇಶನ್ ಬಂತು. ಆಂಡರ್ಸನ್ ಅವರ 1958ರ ಲೋಕಲೈಸೇಶನ್ (ಅಸ್ತವ್ಯಸ್ತ ವಸ್ತುವಿನಲ್ಲಿ ಎಲೆಕ್ಟ್ರಾನ್ ಮುಂದೆ ಹೋಗದೆ ಸಿಕ್ಕಿಬೀಳುವುದು) ಪೇಪರ್ ಕಥೆ ಇದಕ್ಕೆ ತದ್ವಿರುದ್ಧ. ಆಗ ಅದನ್ನು ನಂಬಿದವರೇ ಕಡಿಮೆ ಅಂತ ಅವರೇ ನೊಬೆಲ್ ಭಾಷಣದಲ್ಲಿ ಹೇಳಿದ್ದರು, ಅದೂ 1977ರಲ್ಲಿ.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ಇಬ್ಬರ ಪುಟದಲ್ಲೂ ಕಳೆದ ಐದು ವರ್ಷದ ಪೇಪರ್ ಮಾತ್ರ ತೆಗೆಯಿರಿ, ಅವರ ವಿದ್ಯಾರ್ಥಿಗಳು ಎಷ್ಟರಲ್ಲಿ ಮೊದಲ ಲೇಖಕರು ನೋಡಿ. ಆಮೇಲೆ ಒಂದು ಪೇಪರ್ ಆರಿಸಿ, ಅದನ್ನು ಉಲ್ಲೇಖಿಸಿದ ನಾಲ್ಕಾರು ಪೇಪರ್ ತೆರೆಯಿರಿ. ಅದರ ಫಲಿತಾಂಶವನ್ನು ಹಿಡಿದು ಯಾರಾದರೂ ಮುಂದಿನ ಲೆಕ್ಕ ಮಾಡಿದ್ದಾರಾ, ಅಥವಾ ಮುನ್ನುಡಿಯಲ್ಲಿ ಇಪ್ಪತ್ತು ಪೇಪರ್‌ಗಳ ಗುಂಪಿನಲ್ಲಿ ಸುಮ್ನೆ ಸೇರಿಸಿದ್ದಾರಾ? ಒಂದು ಸಂಜೆಯ ಕೆಲಸ ಇದು, 9,200 ಎಂಬ ಸಂಖ್ಯೆ ಹೇಳದ್ದನ್ನು ಹೇಳುತ್ತದೆ. 38 ಪೇಪರ್‌ನವರು ಇದರಲ್ಲಿ ಗೆದ್ದರೂ ಗೆಲ್ಲಬಹುದು.

ಪ್ರಶ್ನೆ: ಈ ಕ್ಷೇತ್ರದಲ್ಲಿ ತುಂಬಾ ಸೈಟೇಶನ್ ಪಡೆದ ಪೇಪರ್ ಯಾವುದು? ಅದಕ್ಕೆ ನೊಬೆಲ್ ಬಂದಿರಲೇಬೇಕಲ್ಲ?

ಉತ್ತರ: ಬಂದಿಲ್ಲ. ಪರ್ಡ್ಯೂ, ಬರ್ಕ್, ಅರ್ನ್ಜರ್‌ಹಾಫ್ 1996ರಲ್ಲಿ ಬರೆದ ನಾಲ್ಕು ಪುಟದ ಪೇಪರ್ ಮುಂಚೂಣಿಯಲ್ಲಿದೆ, ಲಕ್ಷ ದಾಟಿದೆ. ವಸ್ತುವಿನೊಳಗೆ ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅಂದಾಜು ಮಾಡುವ ಸೂತ್ರ ಅದು. ಸಾಫ್ಟ್‌ವೇರ್‌ನಲ್ಲಿ ಅದನ್ನು ಆರಿಸಿ ಲೆಕ್ಕ ಮಾಡಿದವರೆಲ್ಲ ಪಟ್ಟಿಯಲ್ಲಿ ಅದರ ಹೆಸರು ಹಾಕುತ್ತಾರೆ. ಎಷ್ಟು ಮಂದಿ ನಿಜಕ್ಕೂ ಓದಿದ್ದಾರೋ ದೇವರೇ ಬಲ್ಲ! ಅದಕ್ಕೆ ಬುನಾದಿ ಹಾಕಿದ 1964, 1965ರ ಕೆಲಸಕ್ಕಾಗಿ ವಾಲ್ಟರ್ ಕೋನ್‌ಗೆ 1998ರಲ್ಲಿ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರದಲ್ಲಿ.

ಪ್ರಶ್ನೆ: ಸುಳ್ಳು ಪೇಪರ್‌ಗೂ ಸೈಟೇಶನ್ ಬರುತ್ತಾ?

ಉತ್ತರ: ಧಾರಾಳವಾಗಿ ಬರುತ್ತೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನಲ್ಲಿದ್ದ ಹೆಂಡ್ರಿಕ್ ಶೋನ್ 2001ರಲ್ಲಿ ಸರಾಸರಿ ಎಂಟು ದಿನಕ್ಕೊಂದು ಪೇಪರ್‌ನಲ್ಲಿ ಲೇಖಕರಾಗಿದ್ದರು. ಬೇರೆ ಬೇರೆ ಪ್ರಯೋಗದ್ದು ಅಂತ ತೋರಿಸಿದ ಗ್ರಾಫ್‌ಗಳಲ್ಲಿ ಗದ್ದಲದ (ಅಳತೆಯಲ್ಲಿ ಅಡ್ಡಾದಿಡ್ಡಿಯಾಗಿ ಬರುವ ನಾಯ್ಸ್) ಏರಿಳಿತವೂ ಒಂದೇ ಥರ ಇದೆ ಅಂತ ಓದುಗರು ಪತ್ತೆ ಹಚ್ಚಿದರು. 2002ರಲ್ಲಿ ತನಿಖಾ ಸಮಿತಿ ವಂಚನೆ ಖಚಿತಪಡಿಸಿತು, ಕೆಲಸ ಹೋಯಿತು. ಅಲ್ಲಿಯ ತನಕ ಆ ಪೇಪರ್‌ಗಳನ್ನು ನಂಬಿ ಉಲ್ಲೇಖಿಸಿದವರು, ಮಾಡಿ ನೋಡಿ ಸೋತು ಉಲ್ಲೇಖಿಸಿದವರು, ತಪ್ಪು ಅಂತ ಬರೆದವರು, ಎಲ್ಲರದ್ದೂ ಎಣಿಕೆಯಲ್ಲಿ ಒಂದೊಂದೇ. 2023ರಲ್ಲಿ ಕೋಣೆಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ ಅಂತ ಹೇಳಿಕೊಂಡ ಎಲ್‌ಕೆ-99 ಎಂಬ ವಸ್ತುವಿನ ಗಲಾಟೆಯಲ್ಲೂ ಹಾಗೇ ಆಯಿತು, ಅದು ಸೂಪರ್‌ಕಂಡಕ್ಟರ್ ಅಲ್ಲ ಅಂತ ತೋರಿಸಿದ ಪ್ರತಿ ಪೇಪರೂ ಮೂಲ ಪೇಪರ್‌ನ ಲೆಕ್ಕಕ್ಕೇ ಸೇರಿತು.

ಪ್ರಶ್ನೆ: ನಮ್ಮ ಸರ್ ಅವರ ಎಚ್-ಇಂಡೆಕ್ಸ್ ಗೂಗಲ್‌ನಲ್ಲಿ 31, ವೆಬ್ ಆಫ್ ಸೈನ್ಸ್‌ನಲ್ಲಿ 25. ಯಾವುದು ಸರಿ?

ಉತ್ತರ: ಎರಡೂ ಸರಿ. ಗೂಗಲ್ ಸ್ಕಾಲರ್ ಆರ್ಕೈವ್ ತಾಣದ ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲಿನ ಪ್ರತಿ), ಥೀಸಿಸ್ ಎಲ್ಲವನ್ನೂ ಎಣಿಸುತ್ತದೆ, ವೆಬ್ ಆಫ್ ಸೈನ್ಸ್ ಆಯ್ದ ಜರ್ನಲ್‌ಗಳ ಕಡೆಗೇ ಜಾಸ್ತಿ ನೋಡುತ್ತದೆ. ಇಬ್ಬರನ್ನು ಹೋಲಿಸುವಾಗ ಮಾತ್ರ ಒಬ್ಬರದ್ದು ಅಲ್ಲಿಂದ, ಇನ್ನೊಬ್ಬರದ್ದು ಇಲ್ಲಿಂದ ತೆಗೆಯಬೇಡಿ.